ಅರವತ್ತಕ್ಕೆ ನಿಂತ ಬ್ಯಾಟರಿ

ಪೀಂ... ಪೀಂ...

ರಾತ್ರಿ ಹನ್ನೊಂದಕ್ಕೆ ಇನ್ವರ್ಟರ್ ಕೂಗಿತು. ಕೊಟ್ಟೂರಿನ ಆ ಓಣಿಯಲ್ಲಿ ಕರೆಂಟ್ ಹೋಗಿ ಎರಡು ತಾಸೂ ಆಗಿರಲಿಲ್ಲ. ಸುಕನ್ಯಾಳ ಹೊಲಿಗೆ ಯಂತ್ರ ನಿಂತುಹೋಯಿತು. ಬೆಳಿಗ್ಗೆ ಕೊಡಬೇಕಾದ ಮದುವೆಯ ರವಿಕೆ ಅರ್ಧಕ್ಕೇ ಉಳಿಯಿತು.

ಇವತ್ತೂ ಸೋಲಾರ್ ಬ್ಯಾಟರಿ ಶೇಕಡಾ ಅರವತ್ತರ ಮೇಲೆ ಏರಿರಲಿಲ್ಲ!

ಅದನ್ನು ಕೂಡಿಸಿದವನು ಸೋಲಾರ್ ಅಂಗಡಿಯ ಕೆಲಸಗಾರ ಹಂಪೇಶ್. ಹೊಸಹಳ್ಳಿಯಿಂದ ಮೂರು ಸಲ ಬಂದು ವೈರು ಬಿಗಿ ಮಾಡಿದ್ದ. "ಬಿಸಿಲಾಗ ಬಂದು ನೋಡಬೇಕ್ರಿ" ಎಂದರೆ ಅವಳು ಒಪ್ಪಿರಲಿಲ್ಲ. ಹಗಲು ಅವಳು ಶಾಲೆಯ ಕೆಲಸದಲ್ಲಿ; ಮನೆಯಲ್ಲಿ ಅವ್ವ ಒಬ್ಬಳೇ. "ನಾ ಇದ್ದಾಗಷ್ಟ ಬರ್ರಿ. ಸಂಜಿ ಆರಕ್ಕ."

ಈ ಸಂಜೆ ಅವನು ಬಂದಾಗ ಅವಳ ತಾಳ್ಮೆ ಮೀರಿತ್ತು.

"ನನ್ನ ನೋಡಾಕ ನೆಪ ಬೇಕಂತ ರಿಪೇರಿ ಉಳಿಸ್ತೀರೇನ್ರಿ?"

ಅವನ ಮುಖ ಕಪ್ಪಿಟ್ಟಿತ್ತು... ಸಾಮಾನಿನ ಚೀಲ ಎತ್ತಿಕೊಂಡು ಹೋಗಿದ್ದ.

ಕತ್ತಲಲ್ಲೇ ಅವನ ಮಾಲೀಕರಿಗೆ ದೂರು ಕಳಿಸಿದಳು. ಬೆಳಿಗ್ಗೆ ಉತ್ತರ ಬಂತು: 'ಇವತ್ತು ಸರಿ ಮಾಡದಿದ್ದರೆ ಅವನನ್ನು ಕೆಲಸದಿಂದ ಬಿಡಿಸುತ್ತೇವೆ.'

'ಅಯ್ಯೋ, ಇಷ್ಟು ನಾನು ಬೇಡಿರಲಿಲ್ಲ...'

ಅವನನ್ನು ಬಿಸಿಲಿನಲ್ಲೇ ಕರೆಸಬೇಕೆಂದು ಮಧ್ಯಾಹ್ನ ರಜೆ ಹಾಕಿ ಮನೆಗೆ ಓಡಿ ಬಂದಳು. ಅವ್ವ ಪಡಸಾಲೆಯಲ್ಲಿ ಮಲಗಿದ್ದಳು. ಹೊರಗಿನ ಮೆಟ್ಟಿಲು ಹತ್ತಿದರೆ, ಮಾಳಿಗೆಯ ಮೇಲೆ ಹಂಪೇಶ್!

ಅರ್ಧ ಪ್ಯಾನೆಲ್‌ಗಳ ಮೇಲೆ ಹಳೆಯ ಸೀರೆ. ಸೀರೆಯ ತುಂಬ ಸಂಡಿಗೆ! ಅವನು ಒಂದೊಂದನ್ನೇ ಮೊರಕ್ಕೆ ಎತ್ತಿಡುತ್ತಿದ್ದ.

"ಇದು... ದಿನಾನೂ?"

"ಹೂಂ ಅನಸತೈತ್ರಿ. ಇಲ್ಲಿ ಬೆಚ್ಚಗಿರತೈತಿ, ಕಾಗಿನೂ ಜಾರತಾವು. ಬಿಸಿಲೆಲ್ಲ ಸಂಡಿಗಿಗೆ, ಬ್ಯಾಟರಿಗೆ ಉಪಾಸ! ನೀವು ಬರೋದ್ರಾಗ ಅವ್ವಾರು ಎತ್ತಿಟ್ಟಿರ್ತಾರ."

"ಇಷ್ಟು ಸಂಡಿಗಿ ಯಾರಿಗೆ?"

ಅವನು ತಲೆ ಕೆರೆದುಕೊಂಡ. "ಮೊದಲ ಸಲ ಚಲೋ ಅದಾವ ಅಂದಿದ್ದೆ. ಬಂದಾಗೆಲ್ಲ ಡಬ್ಬಿ ತುಂಬಿ ಕೊಟ್ಟಾರ... ಅವ್ವಾರಿಗೆ ಹೇಳಬ್ಯಾಡ್ರಿ, ನೊಂದ್ಕೊಂತಾರ. ತಪ್ಪು ನಂದ ಅಂತ ಮಾಲೀಕರಿಗೆ ಬರಕೊಡ್ತೀನಿ."

"ಕೆಲಸ ಹೋಗತೈತಿ!"

"ಬ್ಯಾರೆ ಸಿಗತೈತಿ ಬಿಡ್ರಿ."

ಸುಕನ್ಯಾ ಮೊಬೈಲ್ ತೆಗೆದಳು. ಅಲ್ಲೇ ಮಾಲೀಕರಿಗೆ ಫೋನು ಮಾಡಿದಳು. "ಅವರದೇನೂ ತಪ್ಪಿಲ್ರಿ. ದೂರು ವಾಪಸ್ ತಗೊಂತೀನಿ." ಕಾರಣ ಕೇಳಿದಾಗ ಫೋನಿಟ್ಟುಬಿಟ್ಟಳು.

"ನಿನ್ನೆ ನಾ ಅಂದದ್ದು..."

"ಅದು ಪೂರ್ತಿ ಸುಳ್ಳಲ್ರಿ. ನಿಮ್ಮನ್ನ ನೋಡಾಕ ನೆಪ ಬೇಕಾಗಿತ್ತು. ಆದ್ರ ಕೆಲಸ ಕೆಡಿಸಿ ಅಲ್ಲ."

ಅವಳು ಕಣ್ಣೊರೆಸಿಕೊಂಡಳು. "ಇನ್ನ ನೆಪ ಬ್ಯಾಡ. ಹಂಗ ಬರ್ರಿ."

"ಸಂಜಿ ಆರಕ್ಕ ಏನ್ರಿ?"

"ಬಿಸಿಲಾಗ ಬರ್ರಿ!"

ಕೆಳಗೆ ಎಚ್ಚರಾದ ಅವ್ವ ಕೂಗಿದಳು. "ಬ್ಯಾಟರಿಗೆ ಏನಾಗಿತ್ತಂತ ಲೇ ಸುಕನ್ಯಾ?"

"ಏನಿಲ್ಲವ್ವ, ಸರಿ ಆತು. ನಾಳಿಂದ ಸಂಡಿಗಿ ಅಂಗಳದಾಗಿನ ಹೊರಸು ಮಂಚದ ಮ್ಯಾಲ ಹಾಕು. ಕಾಗಿ ಬರದಂಗ ಪರದಿ ಹೊಲದು ಕೊಡ್ತೀನಿ."

ಹಂಪೇಶ್ ನಕ್ಕ. ಸುಕನ್ಯಾ ಮೊರದಿಂದ ಒಂದು ಸಂಡಿಗೆ ತೆಗೆದು ಅವನ ಅಂಗೈಯಲ್ಲಿಟ್ಟಳು. ಬ್ಯಾಟರಿಯ ಉಪವಾಸದ ಗುಟ್ಟು ಅವ್ವನಿಗೂ ಬೇಡ, ಯಾರಿಗೂ ಬೇಡ... ಎಂದೆಂದೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.