ಸೀಲಿನ ಡಬ್ಬಿ

“ಇಷ್ಟ್ ಬಿಗಿ ಕಟ್ಟಬ್ಯಾಡ್ರಿ ಮೇಡಂ, ಎಂಜಿನ್‌ಗೂ ಜರಾ ಉಸಿರು ಬೇಕು,” ಅಂದ ದೇವಿಂದ್ರ.

ನಾನು ಬಗ್ಗಿ ಅವನ ಕಾರಿನ ಎಂಜಿನ್ನಿಗೆ ತಂತಿ ಸುತ್ತಿ ಸೀಲು ಒತ್ತುತ್ತಿದ್ದೆ. ಸೀಲಿನ ನಂಬರ್ ಹದಿನೇಳು. ಶಹಾಪುರದ ಹೊರಗೆ, ಹತ್ತಿಗಿಡ ಕಿತ್ತ ಹೊಲದಲ್ಲಿ ಮಣ್ಣಿನ ಕಾರ್ ರೇಸು. ಈ ವರ್ಷ ಹೊಸ ರೂಲು: ಶನಿವಾರದ ಟೈಮಿಂಗ್ ಮುಗಿದ ಮೇಲೆ ಎಂಜಿನ್ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಭಾನುವಾರದ ರೇಸಿಗೆ ಕೊನೆಯ ಸಾಲು. ಯಾದಗಿರಿಯಲ್ಲಿ ಐಟಿಐ ಹುಡುಗರಿಗೆ ಪಾಠ ಹೇಳುವ ನನಗೆ ರೇಸು ನಡೆಸುವವರು ಸೀಲಿನ ಡಬ್ಬಿ ಒಪ್ಪಿಸಿ, “ಸಂಘಮಿತ್ರಾ ಮೇಡಂ ಕೈಯಾಗಿದ್ರ ಚಿಂತಿ ಇಲ್ಲ” ಅಂದಿದ್ದರು.

ದೇವಿಂದ್ರ ಸುರಪುರದ ಮೆಕ್ಯಾನಿಕ್. ಎರಡು ವರ್ಷದಿಂದ ನನ್ನವನು. ಅವತ್ತು ಎಲ್ಲರಿಗಿಂತ ಜೋರಾಗಿ ಓಡಿಸಿ ಮೊದಲ ಸಾಲು ಗಿಟ್ಟಿಸಿದ್ದ.

“ಕಪ್ ಹಿಡ್ಕೊಂಡು ಸೋಮವಾರ ನಿಮ್ಮನಿಗೆ ಬರ್ತೀನಿ. ನಿಮ್ಮಪ್ಪ ಹ್ಯಾಂಗ ಇಲ್ಲ ಅಂತಾರ ನೋಡೂಣು.”

“ಕಪ್ ಇಲ್ದ ಬಾ ಅಂದ್ರ ಬರಂಗಿಲ್ಲೇನು?”

ಅವನು ಕಣ್ಣು ಹೊಡೆದ. ನನ್ನ ಕಿವಿ ಬಿಸಿಯಾಯಿತು.

ಸಂಜೆ ಮಲ್ಲಿಗೆ ದಂಡೆ ತಂದ. “ಡಬ್ಬಿ ನಾ ಹಿಡೀತೀನಿ, ನೀ ಮುಡ್ಕೊ.”

ಹೂ ಮುಡಿಯಲು ಎರಡೂ ಕೈ ಬೇಕಲ್ಲ. ಡಬ್ಬಿ ಕೊಟ್ಟೆ. ಪಿನ್ನು ಹಲ್ಲಲ್ಲಿ ಕಚ್ಚಿ, ಅವನಿಗೆ ಬೆನ್ನು ಮಾಡಿ ನಿಂತೆ. “ಸೊಟ್ಟ ಆಗ್ಯಾದೇನು?” ಅಂತ ಬೇರೆ ಕೇಳಿದೆ, ಹುಚ್ಚಿ.

ಭಾನುವಾರ ಬೆಳಿಗ್ಗೆ ಪಟ್ಟಿ ಹಿಡಿದು ಒಂದೊಂದೇ ಸೀಲು ನೋಡುತ್ತ ಬಂದೆ. ದೇವಿಂದ್ರನ ಎಂಜಿನ್ ಮೇಲೆ ಮೂವತ್ತೊಂದು. ಪಟ್ಟಿಯಲ್ಲಿ ಹದಿನೇಳು. ಉಳಿದ ಸೀಲುಗಳಿದ್ದ ಡಬ್ಬಿ ತೆರೆದೆ. ಮೂವತ್ತೊಂದು ಅದರಲ್ಲಿ ಇರಲಿಲ್ಲ.

“ಗ್ಯಾಸ್ಕೆಟ್ ಹೋಗಿತ್ತು ಸಂಘಾ, ಬಿಚ್ಚಲೇಬೇಕಾಯ್ತು,” ಅಂದ ಮೆಲ್ಲಗೆ. “ನನ್ ಕಾರಿನ ಸೀಲಿನ ನಂಬರ್ ನೀ ನೋಡಂಗಿಲ್ಲ ಅನ್ಕೊಂಡಿದ್ದೆ. ಪಟ್ಟ್ಯಾಗ ಜರಾ ತಿದ್ದಿಬಿಡು. ಯಾರಿಗ್ ಗೊತ್ತಾಗ್ತದ?”

“ಒಂದ್ ಮಾತು ಹೇಳು. ಗ್ಯಾಸ್ಕೆಟ್ ಹೋಗಿದ್ದು ನೀ ಹೂ ತರೂಕಿಂತ ಮೊದ್ಲೋ, ಆಮ್ಯಾಲೋ?”

ಅವನು ಕೈಗೆ ಹತ್ತಿದ ಗ್ರೀಸು ಒರೆಸತೊಡಗಿದ. ಒರೆಸಿದ್ದೇ ಒರೆಸಿದ್ದು.

ಗ್ಯಾಸ್ಕೆಟ್ ಹೋಯಿತು ಅಂತ ಮೋರೆ ಸಣ್ಣದು ಮಾಡಿಕೊಂಡು ಬಂದಿದ್ದರೆ, ಕೊನೆಯ ಸಾಲಿನಲ್ಲಿ ನಿಂತವನಿಗೂ ಚಪ್ಪಾಳೆ ತಟ್ಟುತ್ತಿದ್ದೆ.

“ಎರಡ್ ವರ್ಷ ಆಯ್ತಲ್ಲೋ! ಒಂದ್ ಸೀಲಿನ ಸಲುವಾಗಿ ನನಗ ಹೂ ತಂದ್ಯೇನು?”

“ಸಂಘಾ, ಸೋಮವಾರ…”

“ಸೋಮವಾರ ಬರಬ್ಯಾಡ.”

ಅವನ ಹೆಸರಿನ ಮುಂದೆ ಬರೆದೆ: ಸೀಲು ಬದಲಾಗಿದೆ, ಕೊನೆಯ ಸಾಲು. ಕೆಳಗೆ ನನ್ನ ಸಹಿ ಹಾಕಿದೆ.

ಇಪ್ಪತ್ತು ಕಾರುಗಳು ಒಟ್ಟಿಗೆ ಗುರುಗುಟ್ಟಿದವು. ದೇವಿಂದ್ರನದು ಎಲ್ಲಕ್ಕೂ ಹಿಂದೆ. ಹಾಳಾದ ಕಣ್ಣು ಅದನ್ನೇ ಹುಡುಕಿತು. ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತೆ. ಮಲಗುವಾಗಲೂ ತೆಗೆಯದ ಮಲ್ಲಿಗೆ ಇನ್ನೂ ಜಡೆಯಲ್ಲೇ ಇತ್ತು. ಕಿತ್ತು ಹಾಕಿದೆ. ತೆಗೆಯಲು ಒಂದೇ ಕೈ ಸಾಕಾಯಿತು.