ಕಳೆದುಹಾಕಿದ ಬಲ

ಕುತ್ತಿಗೆಯಿಂದ ಪಾದದವರೆಗೆ ಮೈಗೆ ಅಂಟಿಕೊಂಡಿದ್ದ ಕವಚ ಶಿವಯೋಗಿಯ ಎಡತೊಡೆಯಲ್ಲಿ ಬಿಗಿಯಾಯಿತು. ಪಾರ್ಶ್ವವಾಯು ಬಡಿದಿದ್ದ ಆ ಕಾಲು ನಡುಗುತ್ತಾ ಎದ್ದು, ಮುಂದೆ ಸರಿದು, ನೆಲಕ್ಕೆ ಊರಿತು.

“ಶಹಬ್ಬಾಸ್!” ಎಂದರು ಡಾ. ಅಭಿಜಿತ್ ತೊರವಿ.

2056ರಲ್ಲಿ ಈ ಕವಚದ ಹೆಸರು ಕೇಳದವರಿರಲಿಲ್ಲ. ಅದನ್ನು ಕಂಡುಹಿಡಿದವರು ತೊರವಿಯವರೇ. ನಡೆಯಬೇಕೆಂದು ರೋಗಿ ಮನಸ್ಸು ಮಾಡಿದಾಗ ಮಿದುಳಿನಿಂದ ಹೊರಡುವ ಕ್ಷೀಣ ಸಂಕೇತವನ್ನು ಬಟ್ಟೆಯ ಎಳೆಗಳು ಗುರುತಿಸಿ, ಸೋತ ಸ್ನಾಯುವಿಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುತ್ತಿದ್ದವು. ನರಗಳು ಹೊಸ ದಾರಿ ಕಲಿತಂತೆಲ್ಲ ಕವಚ ತನ್ನ ಸಹಾಯವನ್ನು ಕಡಿಮೆ ಮಾಡುತ್ತಿತ್ತು. ಎಲ್ಲವೂ ಮನೆಯಲ್ಲೇ ಆಗುವಾಗ ಆಸ್ಪತ್ರೆ ಯಾಕೆ? ಊರೂರಿನ ಪುನಶ್ಚೇತನ ವಾರ್ಡುಗಳು ಮುಚ್ಚಿದವು. ಫಿಸಿಯೋಥೆರಪಿಸ್ಟರು ಬೇರೆ ಕೆಲಸ ಹುಡುಕಿಕೊಂಡರು.

ಈಗ ಹುಬ್ಬಳ್ಳಿಯಲ್ಲಿ, ಶಿವಯೋಗಿಯ ಮನೆಯಲ್ಲಿ, ಕವಚದ ಜಾಹೀರಾತಿನ ಚಿತ್ರೀಕರಣ ನಡೆದಿತ್ತು. ಕ್ಯಾಮೆರಾ ಹಿಡಿದಿದ್ದ ಹುಡುಗಿ, “ಮೇಡಂ, ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ. ಸರ್ ಒಬ್ರೇ ನಡೀತಿರೋದು ಕಾಣಬೇಕು” ಎಂದಳು.

ಶಿವಯೋಗಿಯ ಸೊಂಟ ಹಿಡಿದಿದ್ದ ಹೆಂಡತಿ ನೀಲಾಂಬಿಕೆ ಅಲುಗಲಿಲ್ಲ. “ನಾ ಸರಿದ್ರ ಇವರು ಬೀಳ್ತಾರ.”

ತೊರವಿ ತಮ್ಮ ಕೈಯಲ್ಲಿದ್ದ ಪರದೆ ತೋರಿಸಿದರು. “ಇಲ್ರಿ ಅಕ್ಕಾರ, ಅವರು ತಾವೇ ನಡೀಲಿಕ್ಕೆ ಹತ್ತ್ಯಾರ. ನೋಡ್ರಿ, ಬಲ ಎಲ್ಲಾ ಅವರದೇ.”

“ಹಂಗಾದ್ರ ನಾ ಹಿಡಿದದ್ದು?”

“ಕವಚ ಕೊಟ್ಟದ್ದು ಬಿಟ್ಟು ಉಳಿದದ್ದೆಲ್ಲಾ ರೋಗಿಯ ಬಲ ಅಂತ ಲೆಕ್ಕ. ಕುರ್ಚಿ ತಾಗೋದು, ಗೋಡೆ ತಾಗೋದು, ಅಂಥಾ ಹೊರಗಿನ ಒತ್ತಡ ಲೆಕ್ಕಕ್ಕ ಬರೋ ಮೊದಲೇ ಕಳೆದುಬಿಡ್ತೀವಿ. ಅದಕ್ಕ ನಾವು ಗದ್ದಲ ಅಂತೀವಿ.”

ನೀಲಾಂಬಿಕೆ ಗಂಡನನ್ನು ಜೋಪಾನವಾಗಿ ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ತಿರುಗಿದಳು.

“ನಾ ಗದ್ದಲೇನ್ರಿ? ಹೈಸ್ಕೂಲಿನಾಗ ಗಣಿತ ಕಲಸ್ತಿದ್ದೆ. ನಿಮ್ಮ ಕವಚ ಮನಿಗೆ ಬಂದ ಮ್ಯಾಲೆ ನೌಕರಿ ಬಿಟ್ಟೆ. ಇವರನ್ನ ಎತ್ತೀ ಎತ್ತೀ ಬೆನ್ನಿನ ಡಿಸ್ಕ್ ಜರಗೇತಿ. ‘ಮನೆಯಲ್ಲೇ ಚಿಕಿತ್ಸೆ’ ಅಂತ ದೊಡ್ಡಕ್ಷರದಾಗ ಬರದೀರಲ್ಲ, ಮನಿಯಾಗ ಯಾರದಾರ ಅಂತ ಒಂದ್ಸಲನಾದ್ರೂ ಕೇಳೀರಿ?”

ಶಿವಯೋಗಿ ಸ್ವಾಧೀನದಲ್ಲಿದ್ದ ಬಲಗೈಯಿಂದ ಕುರ್ಚಿಯ ತೋಳನ್ನು ಗುದ್ದಿದ. “ಆಕಿ... ಸಾಲಿ... ಬಿಟ್ಲು,” ಎಂದ ತೊದಲುತ್ತಾ. ಕಣ್ಣುಗಳು ಕೆಂಪಾಗಿದ್ದವು. ಹುಡುಗಿ ಕ್ಯಾಮೆರಾ ಕೆಳಗಿಳಿಸಿದಳು.

ಪ್ರಯೋಗಾಲಯಕ್ಕೆ ಮರಳಿದ ತೊರವಿ, ಏನನ್ನೂ ಕಳೆಯದ ಮೂಲ ದತ್ತಾಂಶವನ್ನು ತೆರೆದರು. ಮನೆ ಮನೆಯ ದಾಖಲೆಯಲ್ಲೂ ಅದು ಇತ್ತು: ಸೊಂಟದ ಬಳಿ, ಕಂಕುಳ ಕೆಳಗೆ, ಇನ್ನೊಬ್ಬರ ಅಂಗೈಯ ಒತ್ತಡ. ಎಷ್ಟೋ ಕಡೆ ರೋಗಿಯ ಬಲಕ್ಕಿಂತ ಅದೇ ದೊಡ್ಡದು. ಅದನ್ನು ಕಳೆಯುವ ಸೂತ್ರ ಬರೆದವರು ಅವರೇ.

ಅವರು ನೇರ ಕವಚ ಮಾರುತ್ತಿದ್ದ ಕಂಪನಿಯ ಆಡಳಿತ ಮಂಡಳಿಯ ಮುಂದೆ ಹೋದರು. “ವಾರ್ಡುಗಳನ್ನ ಮತ್ತೆ ತೆರೀಬೇಕು ಅಂತ ನಾವೇ ಸರ್ಕಾರಕ್ಕೆ ಹೇಳಬೇಕು. ಮನೆ ಮನೆಗೂ ತರಬೇತಿ ಆದ ಜನ ಹೋಗಬೇಕು.”

ಅಧ್ಯಕ್ಷೆ ಅಹಲ್ಯಾ ಮಿರ್ಜಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. “ಒಳ್ಳೇ ಸಂಶೋಧನೆ, ಡಾಕ್ಟರ್. ಆರೈಕೆ ಮಾಡೋರಿಗೂ ಬಲ ಬೇಕು ಅಂತಾಯ್ತು. ಅವರಿಗೂ ಒಂದು ಕವಚ ಮಾಡಿಬಿಡೋಣ!”

ತೊರವಿ ಮೇಜು ಗುದ್ದಿದರು, ಕೂಗಾಡಿದರು, ಕೊನೆಗೆ ರಾಜೀನಾಮೆ ಕೊಟ್ಟರು. ಆರೈಕೆ ಮಾಡುವವರ ಕವಚ ಮಾತ್ರ ತಯಾರಾಯಿತು. ಅದರ ಮೊದಲ ಪೆಟ್ಟಿಗೆ, ಹೂಗುಚ್ಛದೊಂದಿಗೆ, ನೀಲಾಂಬಿಕೆಯ ಮನೆಗೇ ಬಂತು.

ಅವಳು ತೊರವಿಗೆ ಫೋನ್ ಮಾಡಿದಳು. ಅವರು ಬಂದು ಹೊಸ್ತಿಲು ದಾಟುತ್ತಲೇ ಪೆಟ್ಟಿಗೆಯನ್ನು ಅವರ ಕಾಲಬುಡಕ್ಕೆ ಎಸೆದಳು.

“ಇದನ್ನ ಹಾಕ್ಕೊಂಡು ಇನ್ನೂ ಜಾಸ್ತಿ ಎತ್ತಲೇನ್ರಿ? ನನಗ ಬಲ ಬೇಕಂತ ಯಾರ ಹೇಳಿದ್ರು? ಮನುಷ್ಯಾರು ಬೇಕು! ‘ನಾ ಹಿಡಕೋತೀನಿ, ನೀವು ಹೋಗಿ ಬರ್ರಿ’ ಅನ್ನೋರು ಬೇಕು!”

“ನಾ ಆ ಕೆಲಸ ಬಿಟ್ಟೀನ್ರಿ,” ಎಂದರು ತೊರವಿ.

“ನೀವು ಬಿಟ್ರಿ. ನಾ ಹೆಂಗ ಬಿಡ್ಲಿ?”

ತೊರವಿ ಚಪ್ಪಲಿ ಕಳಚಿ ಒಳಗೆ ಬಂದು, ಶಿವಯೋಗಿಯ ಕಂಕುಳಿಗೆ ತೋಳು ಕೊಟ್ಟರು. “ಇವತ್ತು ನಾ ಹಿಡಕೋತೀನಿ. ನೀವು ಹೋಗಿ ಬರ್ರಿ.”

ಮೈಭಾರವೆಲ್ಲ ಹೆಗಲ ಮೇಲೆ ಬಿದ್ದಾಗ ಅವರು ಗೋಡೆಗೆ ಕೈ ಊರಿದರು. ಬಚ್ಚಲಮನೆಗೆ ಕರೆದೊಯ್ದು ಮರಳಿ ಕೂರಿಸುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿತ್ತು. ಅಷ್ಟು ದಿನ ಕವಚದ ಬಗ್ಗೆ ಅಭಿಮಾನದಿಂದ ಹೇಳಿಕೊಂಡ ‘ಸ್ವಾವಲಂಬನೆ’ ಎಂಬ ಮಾತು ನೆನಪಾಗಿ ಅವರಿಗೆ ತಮ್ಮ ಮೇಲೇ ಸಿಟ್ಟು ಉಕ್ಕಿತು.

ಸಂಜೆ ನೀಲಾಂಬಿಕೆ ಮರಳಿದಳು. ಹಳೆಯ ಶಾಲೆಯವರೆಗೂ ಹೋಗಿ, ಗೇಟಿನ ಹೊರಗೆ ನಿಂತು ಬಂದಿದ್ದಳು. ಗೋಡೆಗೊರಗಿ ಕೂತು ಸೊಂಟ ನೀವಿಕೊಳ್ಳುತ್ತಿದ್ದ ತೊರವಿಯವರನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟು ಇಳಿದಿರಲಿಲ್ಲ.

“ಇವತ್ತು ನೀವು ಬಂದ್ರಿ ಸರ್. ನಾಳೆ ಯಾರ ಬರ್ತಾರ?”