ಫೋಟೋದಲ್ಲಿಲ್ಲದ ಕೈ

"ಕೊಡೆ ಅಡ್ಡ ಹಿಡ್ಕೊಂಡು ಹೋದ್ರೆ ಮುಖ ಕಾಣಲ್ಲ ಅಲ್ವೇನಪ್ಪಾ?" ಎಂದರು ಅತ್ತೆ.

ನನ್ನ ಅತ್ತೆಯಲ್ಲ. ನಾನು ದಾಟಿಸಬೇಕಿದ್ದ ಹೆಂಗಸಿನ ಅತ್ತೆ.

"ಬೇಡಮ್ಮಾ. ಕೊಡೆ ಕೆಳಗೆ ಯಾರಿದ್ರೂ ಕಳ್ಳರ ಥರಾನೇ ಕಾಣ್ತಾರೆ."

"ಮಳೆ ಬಂದ್ರೋ?"

"ನೆಂದ ಕಳ್ಳರ ಥರ!"

ಧಡ್! ಧಡ್! ಮುಂಬಾಗಿಲು ಅದುರಿತು. ಹೊರಗೆ ಹತ್ತು ಹನ್ನೆರಡು ಕ್ಯಾಮೆರಾ. ಜೊತೆಗೆ ಕ್ಯಾಮೆರಾ ಇಲ್ಲದ ಇಬ್ಬರು... ಭುಜದ ಮೇಲೆ ನೇರವಾಗಿ ತಲೆ ಕೂರಿಸಿದಂಥ ಆಸಾಮಿಗಳು. ಮಂತ್ರಿಯ ಕಡೆಯವರು.

ನನ್ನ ಕಸುಬು ಏನೆಂದು ಮೊದಲೇ ಹೇಳಿಬಿಡುತ್ತೇನೆ ಸ್ವಾಮಿ. ಪತ್ರಿಕೆಯಲ್ಲಿ ಮಾನ ಹೋಗುತ್ತಿರುವವರನ್ನು ಮನೆಬಾಗಿಲಿನಿಂದ ಕಾರಿಗೆ, ಕಾರಿನಿಂದ ಕೋರ್ಟಿಗೆ ದಾಟಿಸುವುದು. ಕೈಕಾಲು ಮುರಿಯದಂತೆ. ಮುಖ್ಯವಾಗಿ, ಒಂದೂ ಕೆಟ್ಟ ಫೋಟೋ ಬೀಳದಂತೆ! ಕಪ್ಪು ಕನ್ನಡಕ ಹಾಕಿದರೆ ಸೊಕ್ಕು. ತಲೆ ತಗ್ಗಿಸಿದರೆ ತಪ್ಪೊಪ್ಪಿಗೆ. ನಕ್ಕರೆ ನಾಚಿಕೆಗೇಡು. ಅತ್ತರೆ ನಾಟಕ. ನೀವು ಯಾವ ಮುಖ ಮಾಡಿದರೂ ಅದಕ್ಕೊಂದು ಹೆಡ್‌ಲೈನ್ ಬೇಯಿಸಿಟ್ಟು, ಪುಟದ ನಡುವೆ ಖಾಲಿ ಚೌಕ ಬಿಟ್ಟು ಕಾಯುತ್ತಿರುತ್ತಾರೆ.

ಆ ಚೌಕಕ್ಕೆ ಬೇಕಾದ ಹೆಂಗಸು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಕೈಯಲ್ಲಿ ಆರಿದ ಟೀ. ಸರ್ಕಾರಿ ಆಸ್ಪತ್ರೆಯ ಔಷಧಿ ಸ್ಟೋರ್ ಅವಳ ಸುಪರ್ದಿನಲ್ಲಿತ್ತು. ಅಲ್ಲಿ ಕೆಟ್ಟ ಗ್ಲೂಕೋಸ್ ಏರಿಸಿ ಆರು ಮಕ್ಕಳು ತೀರಿಕೊಂಡಿದ್ದರು. ಗ್ಲೂಕೋಸ್ ಬಾಟಲಿಗಳು ಬಂದದ್ದು ಆರೋಗ್ಯ ಮಂತ್ರಿಯ ಬಾಮೈದನ ಫ್ಯಾಕ್ಟರಿಯಿಂದ. 'ಅದು ಕೆಟ್ಟಿದೆ ಅಂತ ನನಗೆ ಯಾರೂ ಹೇಳಲೇ ಇಲ್ಲ' ಎಂದು ಮಂತ್ರಿ ವಿಚಾರಣಾ ಆಯೋಗದ ಮುಂದೆ ಪ್ರಮಾಣ ಮಾಡಿದ್ದ. 'ನಾನೇ ಹೇಳಿದ್ದೆ' ಎನ್ನಲು ಇವಳು ಅಂದು ಅದೇ ಆಯೋಗಕ್ಕೆ ಹೊರಟಿದ್ದಳು. ಬಾಯಿಮಾತು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಬಾಯಿಮಾತನ್ನು ಕೊಲ್ಲಲು ಗುಂಡು ಬೇಕಿಲ್ಲ. ಒಂದು ಫೋಟೋ ಸಾಕು.

ಕೆಂಪಕ್ಷರದ ಪತ್ರಿಕೆ ಎಂದರೆ ಊರಿಗೆಲ್ಲ ಗೊತ್ತು. ಅದು ವಾರದಿಂದ ಒಂದೇ ಫೋಟೋ ಹಾಕುತ್ತಿತ್ತು. ಮಂತ್ರಿಯ ತಲೆ ವಾಲಿದೆ. ಇವಳ ತುಟಿ ಅವನ ಕಿವಿಯ ಹತ್ತಿರ. ಕತ್ತಿನಿಂದ ಮೇಲಕ್ಕೆ ಮಾತ್ರ. ಸುತ್ತ ಕೆಂಪು ವೃತ್ತ. ಮೇಲೆ ಅಂಗೈ ಅಗಲದ ಅಕ್ಷರ: 'ಮಂತ್ರಿಯ ಕಿವಿಯಲ್ಲಿ ಮೋಹಿನಿಯ ಪಿಸುಮಾತು!' ಅಲ್ಲಿಗೆ ಅವಳ ಹೆಸರು ಹೋಯಿತು, ಹುದ್ದೆ ಹೋಯಿತು. ಮೋಹಿನಿ ಒಬ್ಬಳೇ ಉಳಿದಳು. ಸತ್ತ ಮಕ್ಕಳು ಒಳಪುಟಕ್ಕೆ, ಹವಾಮಾನ ವರದಿಯ ಕೆಳಗೆ ಸರಿದರು. ಗಂಡ ಮೊದಲ ದಿನವೇ ಮುನಿಸಿಕೊಂಡು ತಂಗಿಯ ಮನೆ ಸೇರಿದವನು, ಅಲ್ಲೇ ಕೂತು ದಿನಾ ತಪ್ಪದೆ ಪತ್ರಿಕೆ ಓದುತ್ತಿದ್ದ.

ನನ್ನನ್ನು ಕರೆಸಿದ್ದು ಅತ್ತೆ. "ನನ್ನ ಮಗ ಪೆದ್ದ. ಸೊಸೆ ಅಲ್ಲ. ಬೇಗ ಬಾ," ಎಂದು ಫೋನ್ ಇಟ್ಟಿದ್ದರು.

ಧಡ್! ಬಾಗಿಲಿನ ಚಿಲಕ ಅರ್ಧ ಸಡಿಲವಾಯಿತು.

ತಲೆಯಲ್ಲಿ ಏನೋ ಹೊಳೆಯಿತು. "ಅಮ್ಮಾ, ಕೊಡೆ ತಗೊಳ್ಳಿ!"

"ಈಗ ತಾನೇ ಬೇಡ ಅಂದ್ಯಲ್ಲೋ?"

"ಅವರಿಗೆ ಬೇಡ. ನಿಮಗೆ! ಸೊಸೆ ಕೋಟು ಹಾಕ್ಕೊಳ್ಳಿ. ಕೊಡೆ ಮುಖದ ಮೇಲೆ ಇಳಿಸಿ ಹೊರಡಿ. ಓಡಬೇಡಿ. ನಡುಗ್ತಾ ನಡೀರಿ."

"ನಡುಗೋದು ನನಗೆ ಹೇಳಿಕೊಡಬೇಕಾ? ನನ್ನ ಮಂಡಿನ ಕೇಳು!"

ಮುಖ ಮುಚ್ಚಿಕೊಂಡವರ ಹಿಂದೆಯೇ ಕ್ಯಾಮೆರಾ ಓಡುವುದು. ಅತ್ತೆ ಬಾಗಿಲು ತೆರೆದರು. "ಮೇಡಂ, ಇಲ್ಲಿ! ಇಲ್ಲಿ ನೋಡಿ! ಮಂತ್ರಿ ಫೋನ್ ಮಾಡಿದ್ರಾ? ಮೇಡಂ, ಪ್ರೀತಿ ನಿಜಾನಾ?" ಇಡೀ ದಂಡು ಕೊಡೆಯ ಹಿಂದೆ ಬೀದಿಯ ತಿರುವಿನವರೆಗೂ ಹೋಯಿತು. ನಾವಿಬ್ಬರು ಅದೇ ಬಾಗಿಲಿನಿಂದ ಇಳಿದೆವು. ಬರಿ ಮುಖ. ಅವಳ ಕೈಯಲ್ಲಿ ತರಕಾರಿ ಚೀಲ. ಯಾರೂ ತಿರುಗಿ ನೋಡಲಿಲ್ಲ.

ಒಬ್ಬ ನೋಡಿದ. ಕತ್ತಿಲ್ಲದವರಲ್ಲಿ ಒಬ್ಬ.

"ಏಯ್! ಅಲ್ಲಿ!"

ಓಡಿದೆವು. ಕಾರು ಸ್ಟಾರ್ಟ್ ಆಗುವಷ್ಟರಲ್ಲಿ ಹಿಂದಿನ ಗಾಜಿನ ಮೇಲೆ ಇಟ್ಟಿಗೆ ಬಿತ್ತು. ಒನ್‌ವೇಗೆ ಎದುರಾಗಿ ನುಗ್ಗಿದೆ. ಬ್ರೆಡ್ ವ್ಯಾನಿನವನು ನನ್ನ ವಂಶವನ್ನೆಲ್ಲ ಒಂದೇ ಉಸಿರಿಗೆ ಬೈದ. ಕನ್ನಡಿಯಲ್ಲಿ ನಮ್ಮ ಬೆನ್ನುಹತ್ತಿದ್ದ ಅವರ ಬಿಳಿ ಕಾರು ಸಣ್ಣದಾಯಿತು... ಕೊನೆಗೆ ಮಾಯವಾಯಿತು.

"ಅಣ್ಣಾ, ನಿಮಗೆ ರಕ್ತ ಬರ್ತಿದೆ," ಎಂದಳು. ಗಾಜಿನ ಚೂರು ಕಿವಿಗೆ ತಗುಲಿತ್ತು.

"ಬರಲಿ ಬಿಡಿ. ಒಂದು ಕೇಳ್ತೀನಿ, ಬೇಜಾರಾಗಬೇಡಿ. ಆವತ್ತು ಅವನ ಕಿವೀಲಿ ಏನು ಹೇಳಿದ್ರಿ?"

"ನೀವೊಬ್ರೇ ಕೇಳಿದ್ದು," ಎಂದು ಕಿಟಕಿಯ ಕಡೆ ತಿರುಗಿದಳು. "ಹೊಸ ವಾರ್ಡ್ ಉದ್ಘಾಟನೆ. ಪಕ್ಕದಲ್ಲೇ ಬ್ಯಾಂಡ್ ಬಾರಿಸ್ತಿದ್ರು. ಕಿರುಚಿದ್ರೂ ಕೇಳಿಸ್ತಿರಲಿಲ್ಲ. ಅದಕ್ಕೇ ಬಗ್ಗಿದ್ರು. 'ಸಾರ್, ನೋಡಿ, ಈ ಬಾಟಲೀಲಿ ಬೂಷ್ಟು ತೇಲ್ತಿದೆ. ನಾನು ಸ್ಟೋರಿಗೆ ಬೀಗ ಹಾಕಿದೀನಿ. ಮಕ್ಕಳಿಗೆ ಹಾಕೋಕೆ ಬಿಡಬೇಡಿ' ಅಂದೆ."

"ಅವನೇನಂದ?"

"'ಫಂಕ್ಷನ್ ಮುಗೀಲಿ ತಾಯಿ' ಅಂದ್ರು. ಮಾರನೇ ದಿನ ನನ್ನ ಬೀಗ ಒಡೆಸಿದ್ರು."

ಎರಡು ಸಿಗ್ನಲ್ ದಾಟಿದ ಮೇಲೆ ನನ್ನ ಮಂದ ಬುದ್ಧಿಗೆ ಹೊಳೆಯಿತು. "ತಡೀರಿ... 'ಈ ಬಾಟಲಿ' ಅಂದ್ರಾ? ಬಾಟಲಿ ಕೈಲಿತ್ತಾ?"

"ಎತ್ತಿ ತೋರಿಸಿದ್ದೆ, ಎದೆ ಮಟ್ಟಕ್ಕೆ."

"ಫೋಟೋದಲ್ಲಿ ಇಲ್ವಲ್ಲ!"

"ಫೋಟೋದಲ್ಲಿ ನನಗೆ ಕೈಯೇ ಇಲ್ವಲ್ಲ ಅಣ್ಣಾ."

ಬ್ರೇಕ್! ಹಿಂದಿನವರೆಲ್ಲ ಹಾರ್ನ್ ಹೊಡೆದರು. ನಾನು ಕಾರು ತಿರುಗಿಸಿದೆ.

ಆ ಫೋಟೋ ತೆಗೆದವನನ್ನು ಎಲ್ಲರೂ ಒಕ್ಕಣ್ಣ ಎನ್ನುತ್ತಾರೆ. ಕ್ಯಾಮೆರಾದ ಹಿಂದೆ ಮುಚ್ಚಿ ಮುಚ್ಚಿ ಅವನ ಎಡಗಣ್ಣು ಅರ್ಧಕ್ಕೇ ನಿಂತುಬಿಟ್ಟಿದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಸ್ಟುಡಿಯೋ. ಗೋಡೆಗೆ ಜಲಪಾತದ ಪರದೆ. ಮೂಲೆಯಲ್ಲಿ ಧೂಳು ಹಿಡಿದ ಪ್ಲಾಸ್ಟಿಕ್ ಗುಲಾಬಿ. ಜಗಳಕ್ಕೆ ಸಿದ್ಧನಾಗಿ ಒಳಗೆ ಹೋದೆ. ಜಗಳ ಅವನೇ ಶುರುಮಾಡಿದ. ನನ್ನ ಮೇಲಲ್ಲ!

"ಕತ್ತರಿಸಿಬಿಟ್ರು ಕಣಯ್ಯಾ! ಎಂಥಾ ಫ್ರೇಮು! ಈ ಕಡೆ ಕೈ, ಆ ಕಡೆ ಕಿವಿ, ನಡುವೆ ಬಾಟಲಿ ಮೇಲೆ ಬಿಸಿಲು... ಇಪ್ಪತ್ತು ವರ್ಷಕ್ಕೊಂದ್ಸಲ ಸಿಗೋ ಬೆಳಕು ಅದು! ಆ ಸಂಪಾದಕ ತರಕಾರಿ ಹೆಚ್ಚಿದ ಹಾಗೆ ಹೆಚ್ಚಿದ. ನನ್ನ ಹೆಸರೂ ಹಾಕಲಿಲ್ಲ!"

"ಪೂರ್ತಿದು ಇದೆಯಾ?"

"ಇಲ್ದೆ ಏನು?" ಇವಳ ಕಡೆ ತಿರುಗಿ ದನಿ ತಗ್ಗಿಸಿದ. "ಮೇಡಂ, ನಿಮ್ಮ ಬಗ್ಗೆ ಬರೆದಿದ್ದು ನಾನಲ್ಲ. ನಾನು ಬರೀ ಬಟನ್ ಒತ್ತಿದವನು."

"ಎಲ್ಲರೂ ಹಾಗೇ ಹೇಳ್ತಾರೆ," ಎಂದಳು. "ಪ್ರಿಂಟ್ ಕೊಡಿ."

ಕೊಟ್ಟ. ದೊಡ್ಡ ಸೈಜಿನಲ್ಲಿ. ಅದರಲ್ಲಿ ಎಲ್ಲವೂ ಇತ್ತು! ಬ್ಯಾಂಡಿನವನ ಉಬ್ಬಿದ ಕೆನ್ನೆ. ಬಗ್ಗಿದ ಮಂತ್ರಿ. ಎತ್ತಿದ ಕೈ. ಬಾಟಲಿಯೊಳಗೆ ಬಿಸಿಲಿಗೆ ಕಪ್ಪಗೆ ಕಾಣುವ ಬೂಷ್ಟು. ಮಂತ್ರಿಯ ಕಣ್ಣು ನೇರ ಅದರ ಮೇಲೆ!

ಮೆಟ್ಟಿಲ ಮೇಲೆ ಬೂಟಿನ ಸದ್ದು.

ಕತ್ತಿಲ್ಲದವರು. ಇಬ್ಬರೂ. ಹಿಂದಿನ ಗಾಜು ಒಡೆದ ನನ್ನ ಕಾರು ಕೆಳಗೆ ಬೀದಿಯಲ್ಲೇ ನಿಂತಿತ್ತಲ್ಲ!

"ಆ ಕಾಗದ ಇಲ್ಲಿ ಕೊಡು. ನಿನಗೆ ಹೆಂಡ್ತಿ ಮಕ್ಕಳಿದ್ದಾರೆ ತಾನೇ?"

"ಇಲ್ಲ. ನಿನ್ನ ಲೆಕ್ಕ ತಪ್ಪಿತು."

ಅವನ ಮುಷ್ಟಿ ನನ್ನ ದವಡೆಗೆ ಬಿತ್ತು. ಬಾಯಲ್ಲಿ ಉಪ್ಪು ಉಪ್ಪು. ಟ್ರೈಪಾಡ್ ಎತ್ತಿ ಮಂಡಿಗೆ ಬೀಸಿದೆ. ಒಬ್ಬ ಕುಸಿದ. ಇನ್ನೊಬ್ಬನ ಮೇಲೆ ಇವಳೇ ಆ ಜಲಪಾತವನ್ನು ಗೋಡೆಯಿಂದ ಕಿತ್ತು ಕೆಡವಿದಳು! ಪರದೆಯೊಳಗೆ ಅವನು ಒದ್ದಾಡುತ್ತಿದ್ದಾಗ ನಾವು ಹಿಂದಿನ ಕಬ್ಬಿಣದ ಏಣಿ ಇಳಿಯುತ್ತಿದ್ದೆವು.

"ನನ್ನ ಹೆಸರು ಹಾಕ್ಸಿ!" ಎಂದು ಮೇಲಿನಿಂದ ಕೂಗಿದ ಒಕ್ಕಣ್ಣ.

ಆಯೋಗ ಕೂರುತ್ತಿದ್ದದ್ದು ಹಳೆಯ ಸರ್ಕಾರಿ ಕಟ್ಟಡದಲ್ಲಿ. ಹೊರಗಿನ ಬೆಂಚಿನ ಮೇಲೆ ಸತ್ತ ಮಕ್ಕಳ ತಾಯಂದಿರು. ನೀಲಿ ಸ್ವೆಟರಿನ ಒಬ್ಬಾಕೆ ಎದ್ದು ಬಂದು ಇವಳ ಕೈ ಹಿಡಿದಳು. ಒಂದು ಕ್ಷಣ ನನಗೆ ಭಯವಾಯಿತು.

"ಪೇಪರಿನೋರು ಏನಾದ್ರೂ ಬರ್ಕೊಳ್ಳಲಿ ತಾಯಿ. ನನ್ನ ಕೂಸಿಗೆ ಹಾಕಿದ್ದು ಕೆಟ್ಟಿತ್ತು ಅಂತ ಒಳಗೆ ಹೇಳ್ತೀರಾ?"

"ಹೇಳ್ತೀನಮ್ಮಾ."

"ಹೆದರಿಸಿದ್ರೆ?"

"ಆಗಲೂ ಹೇಳ್ತೀನಿ."

ಹೇಳಿದಳು! ಫೋಟೋವನ್ನೂ ಮುಂದಿಟ್ಟಳು. ವಯಸ್ಸಾದ ನ್ಯಾಯಾಧೀಶರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಮಂತ್ರಿಯ ವಕೀಲ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಕೂತಲ್ಲಿಂದಲೇ ನಕ್ಕ.

"ನನ್ನ ಪ್ರಶ್ನೆ ಏನೂ ಇಲ್ಲ. ನಮಗೂ ಒಂದು ಕಾಪಿ ಕೊಡಿಸಿ."

ಕೊಡಿಸಿದರು. ನಿಯಮವೇ ಹಾಗೆ.

ಆ ನಗು ನನಗೆ ಅರ್ಥವಾಗಬೇಕಿತ್ತು ಸ್ವಾಮಿ. ಇಷ್ಟು ವರ್ಷ ಅರ್ಧ ಫೋಟೋಗಳ ವಿರುದ್ಧ ಬಡಿದಾಡಿದವನು, ಪೂರ್ತಿ ಫೋಟೋ ಸುಳ್ಳು ಹೇಳುವುದಿಲ್ಲ ಎಂದು ನಂಬಿಬಿಟ್ಟಿದ್ದೆ. ಸಂಜೆ ಅತ್ತೆ ನನ್ನ ದವಡೆಗೆ ಬಿಸಿ ಉಪ್ಪಿನ ಶಾಖ ಕೊಟ್ಟರು. "ಗೆದ್ದಿರೇನೋ?" ಎಂದರು. "ಗೆದ್ವಿ ಅಮ್ಮಾ!" ಎಂದೆ. ಎಂಥಾ ದಡ್ಡ!

ಬೆಳಿಗ್ಗೆ ಪತ್ರಿಕೆ ಬಂತು.

ಫೋಟೋ ಪೂರ್ತಿ ಇತ್ತು. ಪುಟದ ಈ ಅಂಚಿನಿಂದ ಆ ಅಂಚಿನವರೆಗೆ. ಕೆಂಪು ವೃತ್ತ ಮಾತ್ರ ಜಾಗ ಬದಲಿಸಿತ್ತು. ಈಗ ಅದು ಬಾಟಲಿಯ ಸುತ್ತ. ಅದಕ್ಕೊಂದು ದಪ್ಪ ಬಾಣ. 'ಮೋಹಿನಿಯ ಕೈಯಲ್ಲೇ ಇತ್ತಾ ಮೃತ್ಯು?' ಕೆಳಗೆ ಸಾಲಾಗಿ ಆರು ಮಕ್ಕಳ ಪುಟ್ಟ ಮುಖಗಳು. ವಾರದಿಂದ ಒಳಪುಟದಲ್ಲಿ ಕೊಳೆಯುತ್ತಿದ್ದವರನ್ನು ಮುಂದಕ್ಕೆ ತಂದು ಕೂರಿಸಿದ್ದರು! 'ವಿಷ ಎಂದು ಗೊತ್ತಿತ್ತು! ಸ್ಟೋರಿನ ಕೀಲಿ ಇವಳ ಬಳಿಯೇ ಇತ್ತು!' ಹೆಡ್‌ಲೈನಿನ ಕಪ್ಪು ಪಟ್ಟಿಯನ್ನು ಎಲ್ಲಿಟ್ಟಿದ್ದರು ಗೊತ್ತೇ? ಸರಿಯಾಗಿ ಮಂತ್ರಿಯ ಕಣ್ಣಿನ ಮೇಲೆ. ಅವನು ಏನನ್ನು ನೋಡುತ್ತಿದ್ದಾನೆಂದು ಈಗ ಯಾರಿಗೂ ಕಾಣದು.

ಮೂಲೆಯಲ್ಲಿ ದಪ್ಪಕ್ಷರದಲ್ಲಿ ಒಕ್ಕಣ್ಣನ ಹೆಸರು.

ನೇರ ಸಂಪಾದಕನ ಚೇಂಬರಿಗೆ ನುಗ್ಗಿದೆ. ದುಂಡು ಮುಖದ, ನಗುಮುಖದ ಮನುಷ್ಯ. ನನ್ನನ್ನು ಕಂಡು ಕುರ್ಚಿ ಎಳೆದುಕೊಟ್ಟ.

"ಬಾ ತಮ್ಮಾ. ದವಡೆ ಊದಿದೆಯಲ್ಲ! ಏನಾಯ್ತು?"

ಕಾಲರ್ ಹಿಡಿದು ಗೋಡೆಗೆ ಒತ್ತಿದೆ. ಅವನು ಉಸಿರೂ ಬದಲಿಸಲಿಲ್ಲ.

"ಒಂದು ಸುಳ್ಳು ತೋರಿಸು. ಒಂದೇ ಒಂದು. ಬಾಟಲಿ ಇದೆಯಾ? ಇದೆ. ಕೈ ಅವಳದೇ ತಾನೇ? ಅವಳದೇ. ಗೊತ್ತಿತ್ತು ಅಂತ ಅವಳೇ ಆಯೋಗಕ್ಕೆ ಹೇಳಿದಾಳೆ! ಸಾಲದ್ದಕ್ಕೆ ಹೆಡ್‌ಲೈನ್ ಕೊನೇಲಿ ಪ್ರಶ್ನೆ ಹಾಕಿದೀನಿ. ನಾನು ಕೇಳಿದೆ ಅಷ್ಟೇನಪ್ಪಾ. ಉತ್ತರ ಕೊಡೋರು ಓದುಗರು."

"ಮಂತ್ರಿ ನೋಡಿದ್ದು? ಅವನಿಗೆ ಹೇಳಿದ್ದು?"

"ಅದು ಬರೆಯೋಕೆ ಅರ್ಧ ಪುಟ ಬೇಕು. ಯಾರು ಓದ್ತಾರೆ? ಬಾಟಲಿ, ಕೈ, ಮಕ್ಕಳು... ಬಸ್ಸಲ್ಲಿ ಪಕ್ಕದೋರ ಪೇಪರಿಗೆ ಇಣುಕಿದ್ರೂ ಅರ್ಥ ಆಗುತ್ತೆ." ಕಾಲರ್ ಸರಿಮಾಡಿಕೊಂಡ. "ಕತ್ತರಿಸಿದ್ರೂ ಬೈತೀಯ, ಪೂರ್ತಿ ಹಾಕಿದ್ರೂ ಬೈತೀಯ. ನಾನೇನು ಮಾಡ್ಲಿ ಹೇಳು? ಟೀ ತರಿಸ್ಲಾ?"

ನನ್ನ ಫೋನ್ ಬಡಿದುಕೊಂಡಿತು. ಅತ್ತೆ. ಅವರ ದನಿಯಲ್ಲಿ ಮೊದಲ ಸಲ ಜೋರಿರಲಿಲ್ಲ.

"ಕರ್ಕೊಂಡು ಹೋಗ್ತಿದಾರಪ್ಪಾ. ಪೊಲೀಸರು. ಕೊಲೆ ಕೇಸಂತೆ. ಮಂತ್ರಿ ಬೆಳಿಗ್ಗೆನೇ ಹೇಳಿಕೆ ಕೊಟ್ಟಿದಾನೆ, ತಪ್ಪು ಮಾಡಿದೋರು ಯಾರೇ ಆದ್ರೂ ಬಿಡಲ್ಲ ಅಂತ."

ಸ್ಟೇಷನ್ನಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಜೀಪಿನಿಂದ ಇಬ್ಬರು ಮಹಿಳಾ ಪೇದೆಗಳು ಅವಳನ್ನು ಇಳಿಸಿದರು. ಜನರನ್ನು ತಳ್ಳಿಕೊಂಡು ನುಗ್ಗಿದೆ. ನನಗೂ ಅವಳಿಗೂ ನಡುವೆ ಬರೀ ಒಂದು ಮಾರು.

ಅಷ್ಟರಲ್ಲಿ ಗುಂಪಿನಿಂದ ನೀಲಿ ಸ್ವೆಟರ್ ಮುಂದೆ ಬಂತು. ಒಂದು ಕೈಯಲ್ಲಿ ಮಡಚಿದ ಪತ್ರಿಕೆ. ಇನ್ನೊಂದರಲ್ಲಿ ಕಾಲಿನಿಂದ ಕಳಚಿದ ಚಪ್ಪಲಿ.

"ಗೊತ್ತಿತ್ತಂತಲ್ಲೇ ನಿನಗೆ! ಗೊತ್ತಿದ್ದೂ ನನ್ನ ಕೂಸಿಗೆ ಹಾಕ್ಸಿದ್ಯಲ್ಲೇ!"

ಏಟು ಕೆನ್ನೆಗೆ ಬಿತ್ತು. ನಾನು ಕೈ ಚಾಚಿದೆ. ಪೇದೆಯ ಲಾಠಿ ನನ್ನ ಎದೆಗೆ ಅಡ್ಡ ನಿಂತಿತು.

"ಅಮ್ಮಾ, ನಿಮ್ಮ ಮಗೂಗೆ ನಾನು..." ಎಂದಳು ಇವಳು. ಮುಂದಿನದು ಗದ್ದಲದಲ್ಲಿ ಕೇಳಿಸಲಿಲ್ಲ. ಕಿವಿ ಕೊಟ್ಟು ಬಗ್ಗಲು ಅಲ್ಲಿ ಯಾರೂ ಇರಲಿಲ್ಲ.

ಒಬ್ಬ ಫೋಟೋಗ್ರಾಫರ್ ಕಾಂಪೌಂಡ್ ಗೋಡೆ ಹತ್ತಿ ಕೂಗಿದ.

"ಅಮ್ಮಾ, ಬಿಸಿಲು ಅಡ್ಡ ಬಂತು! ಸ್ವಲ್ಪ ಈ ಕಡೆ ತಿರುಗಿ... ಇನ್ನೊಂದ್ಸಲ ಹೊಡೀರಿ!"

ತಾಯಿ ಮೂಗು ಒರೆಸಿಕೊಂಡಳು. ಅವನು ಹೇಳಿದ ಕಡೆಗೆ ತಿರುಗಿ ನಿಂತಳು.

ಎರಡನೇ ಏಟಿಗೆ ಬೆಳಕು ಚೆನ್ನಾಗಿ ಬಂತು.